ನಾವು ಹಾಕಿದ ಟಿಕ್ ಮಾರ್ಕ್

ಕಳೆದ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಬಂದಿದ್ದವರಿಗೆ ನೆನಪಿರಬಹುದು, ಅವತ್ತು ಕಾರ್ಯಕ್ರಮ ಮುಕ್ಕಾಲು ಗಂಟೆ ತಡವಾಗಿ ಶುರುವಾಯಿತು. "ತಾಂತ್ರಿಕ ಕಾರಣಗಳಿಂದ" ಅಂತ ಮೈಕಿನಲ್ಲಿ ಹೇಳಿದ್ದು ನಾವೇ. ಆ ತಾಂತ್ರಿಕ ಕಾರಣ ಏನು ಅಂತ ಇವತ್ತು ಹೇಳ್ತೀವಿ. ನಾವು ಅಂದರೆ ಸ್ಟೇಜ್ ಡೆಕೊರೇಷನ್ ನೋಡಿಕೊಂಡಿದ್ದ ಸೆಕೆಂಡ್ ಇಯರಿನ ಮೂವರು. ತಪ್ಪಿನಲ್ಲಿ ಮೂವರಿಗೂ ಸಮಪಾಲು, ಅದಕ್ಕೇ ಇದನ್ನ ಒಬ್ಬರ ಹೆಸರಲ್ಲಿ ಬರೆಯೋಕೆ ಮನಸ್ಸಾಗಲಿಲ್ಲ.

ಸಂಜೆ ಐದಕ್ಕೆ ಕಾರ್ಯಕ್ರಮ. ನಾಲ್ಕೂಕಾಲಿಗೆ ಸ್ಟೇಜ್ ಮೇಲೆ ಇದ್ದದ್ದು ನಾವು ಮೂವರು ಮತ್ತು ಕಾಲೇಜಿನ ಎಲೆಕ್ಟ್ರಿಷಿಯನ್ ಅಣ್ಣ. ಹಿಂದೆ ಹಳದಿ-ಕೆಂಪು ಬಟ್ಟೆಯ ಪರದೆ, ಅದರ ಮೇಲೆ ಥರ್ಮಾಕೋಲಿನಲ್ಲಿ ಕೊರೆದ ಅಕ್ಷರಗಳು, ಸುತ್ತ ಸೀರಿಯಲ್ ಸೆಟ್. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಎರಡು ಫೋಕಸ್ ಲೈಟು, ಒಂದು ಪೆಡೆಸ್ಟಲ್ ಫ್ಯಾನು, ಸೀರಿಯಲ್ ಸೆಟ್ಟು, ಗ್ಲೂ ಗನ್ನು, ಮೇಲೊಂದು ಮೊಬೈಲ್ ಚಾರ್ಜರ್. ಓಮ್ಸ್ ಲಾ ಪಿಯುಸಿಯಲ್ಲೇ ಓದಿದ್ದೆವು. ಆದರೂ ಅಷ್ಟನ್ನೂ ಚುಚ್ಚಿದವರು ನಾವೇ.

ಮೊದಲು ಬಂದದ್ದು ಪ್ಲಾಸ್ಟಿಕ್ ಕರಗಿದ ವಾಸನೆ. "ಯಾರ ಗ್ಲೂ ಗನ್ನೋ ಇದು?" ಅಂತ ನಗಾಡ್ತಿರುವಾಗಲೇ ಪರದೆಯ ಕೆಳಗಿನ ಅಂಚಿಗೆ ಬೆಂಕಿ ಹತ್ತಿತ್ತು. ಬಟ್ಟೆ ಎಷ್ಟು ಬೇಗ ಹತ್ತಿಕೊಳ್ಳುತ್ತೆ ಅನ್ನೋದು ನಮಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಒಬ್ಬ ಕಾರಿಡಾರಿಗೆ ಓಡಿ ಗೋಡೆ ಮೇಲಿದ್ದ ಕೆಂಪು ಸಿಲಿಂಡರ್ ತಂದ. ಪಿನ್ ಎಳೆದು ಹಿಡಿ ಒತ್ತಿದೆವು.

ಫುಸ್.

ಅಷ್ಟೇ. ಹೋಸ್ ತುದಿಯಿಂದ ಒಂದು ಚಮಚದಷ್ಟು ಬಿಳಿ ಪುಡಿ ನಮ್ಮ ಶೂ ಮೇಲೆ ಬಿತ್ತು. ಮತ್ತೆ ಒತ್ತಿದೆವು, ಏನೂ ಇಲ್ಲ. ಅಲುಗಾಡಿಸಿ ಒತ್ತಿದೆವು, ಏನೂ ಇಲ್ಲ. ಆ ಹತ್ತು ಸೆಕೆಂಡಿನಲ್ಲಿ ಬೆಂಕಿ ಮೊಣಕಾಲೆತ್ತರದಿಂದ ನಮ್ಮ ಭುಜದೆತ್ತರಕ್ಕೆ ಬಂದಿತ್ತು.

ಅಣ್ಣ ಮೇನ್ ಸ್ವಿಚ್ ಆಫ್ ಮಾಡಿ ಓಡಿ ಬಂದವರು, ಎರಡೂ ಕೈಯಲ್ಲಿ ಪರದೆ ಹಿಡಿದು ಜಗ್ಗಿ ಕೆಳಗೆ ಕೆಡವಿದರು. ಬೂಟುಗಾಲಲ್ಲಿ ತುಳಿದರು. ನಾವು ಪಕ್ಕದ ಬಕೆಟ್ಟಿನ ಮರಳು ಸುರಿದೆವು. ಎರಡು ನಿಮಿಷದಲ್ಲಿ ಮುಗೀತು. ಆದರೆ ಕರಗಿದ ಥರ್ಮಾಕೋಲ್ ಅವರ ಬಲಗೈ ಅಂಗೈಗೆ ಅಂಟಿಕೊಂಡುಬಿಟ್ಟಿತ್ತು. ನೀರಿನ ಕೆಳಗೆ ಕೈ ಹಿಡಿದುಕೊಂಡು ಅವರು ಹೇಳಿದ್ದು ಇಷ್ಟೇ: "ಬಿಡ್ರಪ್ಪಾ, ನಿಮಗ್ಯಾರಿಗೂ ಏನಾಗ್ಲಿಲ್ವಲ್ಲ. ಹೋಗಿ, ಹೊಸ ಬಟ್ಟೆ ಕಟ್ಟಿ." ಆಮೇಲೆ ಎರಡು ವಾರ ಅವರು ಎಡಗೈಯಲ್ಲೇ ಸ್ಕ್ರೂಡ್ರೈವರ್ ಹಿಡಿದು ಓಡಾಡಿದರು.

ಕಾರ್ಯಕ್ರಮ ಚೆನ್ನಾಗೇ ಆಯಿತು. ಡೊಳ್ಳಿಗೆ ಎಲ್ಲರೂ ಕುಣಿದರು. ರಾತ್ರಿ ಸ್ಟೇಜ್ ಕ್ಲೀನ್ ಮಾಡುವಾಗ ಆ ಸಿಲಿಂಡರ್ ಮೂಲೆಯಲ್ಲಿ ಬಿದ್ದಿತ್ತು. ಎತ್ತಿ ನೋಡಿದೆವು. ಗೇಜಿನ ಮುಳ್ಳು ಕೆಂಪು ಭಾಗದಲ್ಲಿ ಸೊನ್ನೆಗೆ ಒರಗಿಕೊಂಡಿತ್ತು. ಮೈ ಮೇಲೆ ಬಿಳಿ ಪೇಂಟಿನಲ್ಲಿ ಬರೆದಿದ್ದ ನಂಬರು: 14.

ಆ ನಂಬರು ನೋಡಿದ ಮೇಲೆ ಮೂವರಲ್ಲಿ ಯಾರೂ ಮಾತಾಡಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಆಗಸ್ಟ್ ತಿಂಗಳಿಗೆ ಹೋಗಬೇಕು.

ಆಗಸ್ಟಿನಲ್ಲಿ ಕಾಲೇಜಿಗೆ ಯಾವುದೋ ಕಮಿಟಿ ಬರೋದಿತ್ತು. ಎಲ್ಲ ಕಡೆ ಸುಣ್ಣಬಣ್ಣ, ಹೂಕುಂಡ, ಫೈಲು. ನಮ್ಮ ಬ್ಲಾಕಿನ ಫೈರ್ ಎಕ್ಸ್‌ಟಿಂಗ್ವಿಷರ್‌ಗಳನ್ನೆಲ್ಲ ನೋಡಿ ಒಂದು ಶೀಟ್ ತುಂಬಿಸಿಕೊಡಿ ಅಂತ ವಾಲಂಟಿಯರ್‌ಗಳಾಗಿದ್ದ ನಮ್ಮ ಮೂವರಿಗೆ ಹೇಳಿದರು. ಶೀಟಿನಲ್ಲಿ 38 ಸಾಲು. ಪ್ರತಿ ಸಾಲಿಗೂ ಜಾಗ, ಬಗೆ, ಪ್ರೆಷರ್, ಸೀಲ್, ಹೋಸ್, ಮುಂದಿನ ರೀಫಿಲ್ ದಿನಾಂಕ ಅಂತ ಕಾಲಂಗಳು. ಗ್ರೌಂಡ್ ಫ್ಲೋರಿನ ನಾಲ್ಕನ್ನು ನಿಜವಾಗಿ ನೋಡಿದೆವು, ನಾಲ್ಕೂ ಸರಿಯಾಗಿದ್ದವು. ಐದನೆಯದಕ್ಕೆ ಮೆಟ್ಟಿಲು ಹತ್ತಬೇಕಿತ್ತು. "ಎಲ್ಲಾ ಒಂದೇ ಬ್ಯಾಚ್ ಮಗಾ, ಸರಿ ಇರ್ತವೆ" ಅಂತ ಕ್ಯಾಂಟೀನಿಗೆ ಹೋಗಿ, ಟೀ ಕುಡೀತಾ ಉಳಿದ 34 ಸಾಲಿಗೂ ಟಿಕ್ ಹಾಕಿದೆವು. ಎಲ್ಲ ಒಂದೇ ಥರ ಕಾಣಬಾರದು ಅಂತ ಎರಡು ಪೆನ್ ಬೇರೆ ಬಳಸಿದೆವು. ಕೆಳಗೆ ಮೂರು ಸಹಿ.

ಇದನ್ನ ಓದಿ ನಗ್ತಿದ್ದೀರಿ ಅಂತ ಗೊತ್ತು. ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ 'ಹೊಂದಿಸದೆ' ಇರೋರು ನಮ್ಮಲ್ಲಿ ಯಾರಿದ್ದಾರೆ? ಗ್ರಾಫ್ ಸರಳರೇಖೆ ಬರಬೇಕು ಅಂದರೆ ಬರಿಸ್ತೀವಿ. ಅಲ್ಲಿ ಹೆಚ್ಚೆಂದರೆ ಮಾರ್ಕ್ಸ್ ಹೋಗುತ್ತೆ. ಇಲ್ಲಿ ಇನ್ನೊಬ್ಬರ ಅಂಗೈ ಸುಟ್ಟಿತ್ತು.

ವಿಚಿತ್ರ ಅಂದರೆ ನಮ್ಮನ್ನ ಯಾರೂ ಕೇಳಲಿಲ್ಲ. ಶೀಟ್ ಫೈಲಿನಲ್ಲಿ ಭದ್ರವಾಗಿತ್ತು. ಕಮಿಟಿ ಬಂದು ಹೋಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಇವತ್ತಿಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ದಿನ ಹಾಗೇ ಇದ್ದೆವು ಕೂಡ. ಐದನೇ ದಿನ ಅಣ್ಣ ಎಡಗೈಯಲ್ಲಿ ನಮ್ಮ ಕ್ಲಾಸಿನ ಫ್ಯಾನ್ ರೆಗ್ಯುಲೇಟರ್ ಬಿಚ್ಚೋಕೆ ಒದ್ದಾಡೋದನ್ನ ನೋಡಿದ ಮೇಲೆ ಹೋಗಿ ಮೇಡಂಗೆ ಹೇಳಿದೆವು. ಅವರು ಬೈದಿದ್ದರೆ ಸುಲಭವಿತ್ತು. ಹೊಸ ಶೀಟ್ ಪ್ರಿಂಟ್ ತೆಗೆದುಕೊಟ್ಟು, "ನಾಳೆ ಸರ್ವೀಸ್‌ನೋರು ಬರ್ತಾರೆ. ಅವರ ಜೊತೆ ಹೋಗಿ. 38ನ್ನೂ ನೋಡಿ" ಅಂದರು.

ಬಂದವರು ಐವತ್ತರ ಆಸುಪಾಸಿನ ಒಬ್ಬರು. ಹೆಗಲಿಗೆ ಟೂಲ್ ಬ್ಯಾಗು, ಕೈಯಲ್ಲಿ ತೂಗುವ ಸ್ಕೇಲು. ನಮಗೆ ಯೂಟ್ಯೂಬ್ ಕಲಿಸದಿದ್ದನ್ನ ಅವರು ಮೂರು ಗಂಟೆಯಲ್ಲಿ ಕಲಿಸಿದರು. ಅದರಲ್ಲಿ ಮುಖ್ಯವಾದದ್ದನ್ನ ಇಲ್ಲಿ ಬರೀತೀವಿ.

ಕಾರಿಡಾರುಗಳಲ್ಲಿ ಇರೋದು ಬಹುಪಾಲು ಎಬಿಸಿ ಪೌಡರ್. ಒಳಗಿರೋದು ಮಾನೋ ಅಮೋನಿಯಂ ಫಾಸ್ಫೇಟಿನ ನುಣ್ಣನೆ ಪುಡಿ, ಅದನ್ನ ಹೊರಗೆ ತಳ್ಳೋಕೆ ಸುಮಾರು 15 ಬಾರ್ ಒತ್ತಡದಲ್ಲಿ ನೈಟ್ರೋಜನ್. ನಮ್ಮ ದೇಶದ ಲೆಕ್ಕದಲ್ಲಿ ಎ ಅಂದರೆ ಮರ, ಬಟ್ಟೆ, ಕಾಗದ. ಬಿ ಅಂದರೆ ಪೆಟ್ರೋಲ್ ಥರದ ದ್ರವ. ಸಿ ಅಂದರೆ ಗ್ಯಾಸ್. ಅಮೆರಿಕದ ವಿಡಿಯೋಗಳಲ್ಲಿ ಸಿ ಅಂದರೆ ಕರೆಂಟ್ ಅಂತಾರೆ, ಅದಕ್ಕೇ ನಮಗೆ ಗೊಂದಲ ಆಗಿತ್ತು. ಪುಡಿಯಲ್ಲಿ ಕರೆಂಟ್ ಹರಿಯಲ್ಲ, ಹಾಗಾಗಿ ವೈರಿಂಗಿಗೆ ಹತ್ತಿದ ಬೆಂಕಿಗೂ ಇದನ್ನ ಬಳಸಬಹುದು. ಆದರೆ ಮೊದಲು ಮೇನ್ ಆಫ್ ಮಾಡಬೇಕು. ಅಣ್ಣ ಮಾಡಿದ್ದು ಅದನ್ನೇ.

ನೋಡೋದು ಹೇಗೆ? ಗೇಜಿನ ಮುಳ್ಳು ಹಸಿರಿನಲ್ಲಿದೆಯಾ, ಪಿನ್ ಇದೆಯಾ, ಪಿನ್ನಿಗೆ ಕಟ್ಟಿದ ತೆಳ್ಳನೆ ಸೀಲ್ ಹರಿದಿಲ್ಲವಾ ಅಂತ ನೋಡಬೇಕು. ಸೀಲ್ ಹರಿದಿದ್ದರೆ ಯಾರೋ ಒಮ್ಮೆ ಒತ್ತಿರಬಹುದು ಅಂತ ಅರ್ಥ. ಒಂದೇ ಸೆಕೆಂಡ್ ಒತ್ತಿ ಬಿಟ್ಟರೂ ವಾಲ್ವಿನ ಬಾಯಲ್ಲಿ ಪುಡಿಯ ಕಣ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚಲ್ಲ, ದಿನಗಳಲ್ಲಿ ಗಾಳಿಯೆಲ್ಲ ಸೋರಿ ಹೋಗುತ್ತೆ. ಹಾಗಾಗಿ ಸ್ವಲ್ಪ ಬಳಸಿದ್ದನ್ನೂ ರೀಫಿಲ್ ಮಾಡಿಸಲೇಬೇಕು. ನಂಬರ್ 14ಕ್ಕೆ ಆಗಿದ್ದೂ ಅದೇ ಇರಬೇಕು ಅಂತ ಅವರ ಅಂದಾಜು. ಯಾವುದೋ ಬ್ಯಾಚಿನವರು ತಮಾಷೆಗೆ ಒತ್ತಿ ನೋಡಿರಬಹುದು.

ಆಮೇಲೆ ಹೋಸ್. ಬಿರುಕು ಬಿಟ್ಟಿದೆಯಾ ಅಂತ ಬಗ್ಗಿಸಿ ನೋಡಬೇಕು, ತುದಿಯೊಳಗೂ ಇಣುಕಬೇಕು. ಮೂರನೇ ಮಹಡಿಯ ಒಂದರ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಗೇಜ್ ಹಸಿರು, ಪಿನ್ ಸರಿ, ಸೀಲ್ ಸರಿ, ಆದರೆ ಬಾಯಿ ಬಂದ್. ಕೊನೆಗೆ ಸಿಲಿಂಡರನ್ನ ಕೊಕ್ಕೆಯಿಂದ ತೆಗೆದು ತಲೆಕೆಳಗು ಮಾಡಿ, ಪುಡಿ ಒಳಗೆ ಜಾರೋದು ಗೊತ್ತಾಗುತ್ತಾ ಅಂತ ಗಮನಿಸಬೇಕು. ವರ್ಷಗಟ್ಟಲೆ ಒಂದೇ ಕಡೆ ನಿಂತರೆ ಪುಡಿ ತಳದಲ್ಲಿ ಹೆಪ್ಪುಗಟ್ಟುತ್ತೆ. ಆಗ ಒತ್ತಿದರೆ ಗಾಳಿ ಮಾತ್ರ ಬರುತ್ತೆ.

ಎಲೆಕ್ಟ್ರಿಕಲ್ ಲ್ಯಾಬಿನ ಮುಂದೆ ಕಪ್ಪು ಕೊಂಬಿನಂಥ ಬಾಯಿರೋ ಸಿಒಟು ಸಿಲಿಂಡರ್ ಇದೆಯಲ್ಲ, ಅದಕ್ಕೆ ಗೇಜೇ ಇಲ್ಲ. "ಕಳ್ಳತನ ಆಗಿದೆ ಸರ್" ಅಂದೆವು. ಅವರು ನಕ್ಕು, "ನೀವು ಇಂಜಿನಿಯರಿಂಗ್ ಅಲ್ವಾ? ಯಾಕಿಲ್ಲ ಅಂತ ನೀವೇ ಹೇಳಿ" ಅಂದರು. ಹೇಳೋಕೆ ಆಗಲಿಲ್ಲ. ರಾತ್ರಿ ಥರ್ಮೋಡೈನಮಿಕ್ಸ್ ಪುಸ್ತಕ ತೆಗೆದಾಗ ಹೊಳೀತು. ಒಳಗೆ ಇಂಗಾಲದ ಡೈಆಕ್ಸೈಡ್ ದ್ರವ ಮತ್ತು ಆವಿ ಎರಡೂ ರೂಪದಲ್ಲಿ ಇರುತ್ತೆ. ಎರಡೂ ಒಟ್ಟಿಗೆ ಇರೋವರೆಗೆ ಒತ್ತಡ ನಿಂತಿರೋದು ಉಷ್ಣತೆಯ ಮೇಲೆ ಮಾತ್ರ. 20 ಡಿಗ್ರಿಯಲ್ಲಿ ಸುಮಾರು 57 ಬಾರ್. ಅರ್ಧ ಸೋರಿ ಹೋಗಿದ್ದರೂ ಗೇಜ್ ಅದೇ 57 ತೋರಿಸುತ್ತೆ. ಅಂಥ ಗೇಜ್ ಇದ್ದರೇನು, ಬಿಟ್ಟರೇನು? ಅದಕ್ಕೇ ಇದನ್ನ ತೂಗಿ ನೋಡ್ತಾರೆ. ಖಾಲಿ ತೂಕ ಮೈ ಮೇಲೇ ಅಚ್ಚೊತ್ತಿರುತ್ತೆ. ಒಳಗಿನ ಅನಿಲದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ರೀಫಿಲ್. ಸ್ಯಾಚುರೇಷನ್ ಪ್ರೆಷರ್ ಅನ್ನೋದನ್ನ ನಾವು ಇಂಟರ್ನಲ್ಸಿಗೆ ಅಂತ ಬಾಯಿಪಾಠ ಮಾಡಿದ್ದೆವು. ಅದು ಲ್ಯಾಬಿನ ಗೋಡೆ ಮೇಲೇ ನೇತಾಡ್ತಿದೆ ಅಂತ ಯಾರಿಗೆ ಗೊತ್ತಿತ್ತು?

ಅವರು ಹೇಳಿದ ಇನ್ನೊಂದು ಮಾತೂ ಇಷ್ಟವಾಯಿತು. ಸಿಲಿಂಡರಿನ ಗಟ್ಟಿತನ ಪರೀಕ್ಷಿಸೋಕೆ ಕೆಲವು ವರ್ಷಕ್ಕೊಮ್ಮೆ ಅದರಲ್ಲಿ ನೀರು ತುಂಬಿ ಒತ್ತಡ ಹಾಕ್ತಾರೆ, ಹೈಡ್ರೋ ಟೆಸ್ಟ್ ಅಂತ. ಗಾಳಿ ಯಾಕಲ್ಲ? ಗಾಳಿ ಸ್ಪ್ರಿಂಗಿನ ಹಾಗೆ ಕುಗ್ಗಿ ಶಕ್ತಿ ತುಂಬಿಕೊಳ್ಳುತ್ತೆ, ಸಿಲಿಂಡರ್ ಒಡೆದರೆ ಬಾಂಬ್. ನೀರು ಹೆಚ್ಚುಕಡಿಮೆ ಕುಗ್ಗೋದೇ ಇಲ್ಲ, ಒಡೆದರೂ ನೀರು ಚಿಮ್ಮುತ್ತೆ, ಅಷ್ಟೇ.

ಅವತ್ತಿನ ನಮ್ಮ ಲೆಕ್ಕ ಹೀಗಿತ್ತು. 38ರಲ್ಲಿ ಒಂಬತ್ತರ ಮುಳ್ಳು ಕೆಂಪಿನಲ್ಲಿ. ಎರಡು ಜಾಗದಲ್ಲಿ ಗೋಡೆಯಲ್ಲಿ ಕೊಕ್ಕೆ ಮಾತ್ರ, ಸಿಲಿಂಡರೇ ಇಲ್ಲ. ಒಂದು ಸೆಮಿನಾರ್ ಹಾಲಿನ ಬಾಗಿಲು ಬಡಿದುಕೊಳ್ಳದ ಹಾಗೆ ಒತ್ತು ಕೊಟ್ಟು ನಿಂತಿತ್ತು. ಒಂದು ಬೀರುವಿನ ಹಿಂದೆ ಸಿಕ್ಕಿಹಾಕಿಕೊಂಡಿತ್ತು, ಅದನ್ನ ತೆಗೆಯೋಕೆ ನಾಲ್ಕು ಜನ ಬೇಕಾದರು. ಈ ಎಲ್ಲದಕ್ಕೂ ಆಗಸ್ಟಿನಲ್ಲಿ ನಾವು ಟಿಕ್ ಹಾಕಿದ್ದೆವು. ಇಲ್ಲದ ಎರಡು ಸಿಲಿಂಡರಿಗೂ "ಪ್ರೆಷರ್ ಓಕೆ" ಅಂತ ಬರೆದಿದ್ದೆವು.

ಸರ್ವೀಸಿನವರಿಗೆ ಇದೇನೂ ಹೊಸದಲ್ಲ. "ಕೆಲವು ಕಡೆ ನಮ್ಮನ್ನ ಕರೆಸೋದೇ ಹೊಸ ಸ್ಟಿಕ್ಕರ್ ಅಂಟ್ಸೋಕೆ. 'ತೆಗೆದು ನೋಡ್ಬೇಡಿ, ಟೈಮಿಲ್ಲ, ಡೇಟ್ ಬರ್ದು ಹೋಗಿ' ಅಂತಾರೆ. ಬೆಂಕಿ ಸ್ಟಿಕ್ಕರ್ ಓದುತ್ತಾ?" ಅಂದರು.

ರೀಫಿಲ್ಲಿಗೆ ಹೋಗಬೇಕಿದ್ದವುಗಳಲ್ಲಿ ಒತ್ತಡ ಉಳಿದಿದ್ದ ಮೂರನ್ನ ಗ್ರೌಂಡಿಗೆ ತಂದು ನಮ್ಮ ಕೈಗೆ ಕೊಟ್ಟರು. ತಗಡಿನ ಟ್ರೇನಲ್ಲಿ ರದ್ದಿ ಪೇಪರಿಗೆ ಬೆಂಕಿ ಹಾಕಿದರು. ಮೊದಲನೆಯವನಿಗೆ ಪಿನ್ನೇ ಬರಲಿಲ್ಲ. ಯಾಕಂದರೆ ಗಾಬರಿಯಲ್ಲಿ ಹಿಡಿ ಒತ್ತಿಕೊಂಡೇ ಪಿನ್ ಎಳೀತಿದ್ದ. ಹಿಡಿ ಬಿಟ್ಟು ಎಳೆದರೆ ಸಲೀಸಾಗಿ ಬರುತ್ತೆ. ಎರಡನೆಯವಳು ಜ್ವಾಲೆಗೆ ಗುರಿಯಿಟ್ಟಳು. ಪುಡಿ ಜ್ವಾಲೆಯೊಳಗೆ ತೂರಿ ಆಚೆ ಹೋಯಿತು, ಬೆಂಕಿ ಅಲ್ಲೇ ಇತ್ತು. ಬುಡಕ್ಕೆ ಗುರಿಯಿಟ್ಟು ಆಚೆ ಈಚೆ ಗುಡಿಸಿದ ಹಾಗೆ ಬೀಸಬೇಕು. ಗಾಳಿ ನಮ್ಮ ಬೆನ್ನಿಗಿರಬೇಕು, ಒಳಗಡೆಯಾದರೆ ಹೊರಹೋಗೋ ಬಾಗಿಲು ಬೆನ್ನಿಗಿರಬೇಕು. ಸಿಒಟು ಆದರೆ ಕೊಂಬಿನ ಬಾಯನ್ನ ಮುಟ್ಟಲೇಬಾರದು. ಚರ್ಮ ಅಂಟಿಕೊಳ್ಳುವಷ್ಟು ತಣ್ಣಗಾಗುತ್ತೆ.

ನಮಗೆ ಹೆಚ್ಚು ಆಶ್ಚರ್ಯವಾದದ್ದು ಸಮಯ. 6 ಕೆಜಿಯ ಸಿಲಿಂಡರ್ ಹದಿನೈದು-ಇಪ್ಪತ್ತು ಸೆಕೆಂಡಿನಲ್ಲಿ ಖಾಲಿ. ಒಂದು ರೀಲ್ ನೋಡಿ ಮುಗಿಸೋಕೂ ಅಷ್ಟು ಸಾಲಲ್ಲ. ಅಂದರೆ ಇದು ಶುರುವಾಗುತ್ತಿರೋ ಬೆಂಕಿಗೆ ಮಾತ್ರ. ಬೆಂಕಿ ನಿಮ್ಮೆತ್ತರ ದಾಟಿದ್ದರೆ, ಹೊಗೆ ತುಂಬುತ್ತಿದ್ದರೆ, ಸಿಲಿಂಡರ್ ಬಿಟ್ಟು ಹೊರಗೆ ಓಡಿ 101ಕ್ಕೋ 112ಕ್ಕೋ ಫೋನ್ ಮಾಡಬೇಕು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಹೊಗೆ ತಡೆಯಲಾರದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ನಮಗಾಗ ಮೂರೋ ನಾಲ್ಕೋ ವರ್ಷ. ಅವತ್ತು ಎಂದಿನಂತೆ ಆಫೀಸಿಗೆ ಹೋಗಿದ್ದವರು ಅವರೆಲ್ಲ. ಇನ್ನೆರಡು ವರ್ಷಕ್ಕೆ ನಾವೂ ಅಂಥದ್ದೇ ಆಫೀಸುಗಳಲ್ಲಿ ಕೂತಿರ್ತೀವಿ.

ಸೆಮ್ ರಜೆಗೆ ಊರಿಗೆ ಹೋದಾಗ ಮೂವರಿಗೂ ಈ ಹುಚ್ಚು ಬಿಟ್ಟಿರಲಿಲ್ಲ. ನಮ್ಮಲ್ಲೊಬ್ಬನ ಅಪ್ಪನದು ಬಟ್ಟೆ ಅಂಗಡಿ. ಮೆಟ್ಟಿಲ ಕೆಳಗೆ, ಖಾಲಿ ಡಬ್ಬಗಳ ಹಿಂದೆ ಒಂದು ಸಿಲಿಂಡರ್ ಸಿಕ್ಕಿತು.

"ಅದಾ? ಲೈಸೆನ್ಸಿಗೆ ಬೇಕು ಅಂದ್ರು, ತಗೊಂಡೆ. ಮುಳ್ಳು ಹಸಿರಲ್ಲೇ ಇದೆಯಲ್ಲೋ, ನೋಡು" ಅಂದರು ಅಪ್ಪ.

ಹಸಿರಲ್ಲೇ ಇತ್ತು. ಆದರೆ ಮೈ ಮೇಲಿದ್ದ ತಯಾರಿಕೆಯ ಇಸವಿ 2013. ತಳ ತಿರುಗಿಸಿದರೆ ತುಕ್ಕು ಹಿಡಿದು ಹೊಪ್ಪಳೆ ಏಳುತ್ತಿತ್ತು. ಪೌಡರ್ ಸಿಲಿಂಡರಿನ ಆಯಸ್ಸು 10 ವರ್ಷ, ಸಿಒಟುದು 15 ಅಂತ ಸರ್ವೀಸಿನವರು ಹೇಳಿದ್ದರು. ಅದು ದಾಟಿದ ಮೇಲೆ ಮುಳ್ಳು ಎಲ್ಲಿದ್ದರೂ ರೀಫಿಲ್ ಅಲ್ಲ, ಹೊಸದೇ ತರಬೇಕು. ಅಪ್ಪ ಅದನ್ನ ಗುಜರಿಗೆ ಹಾಕೋಣ ಅಂದರು. ಬೇಡ ಅಂತ ತಡೆಯಬೇಕಾಯಿತು. ಒಳಗೆ ಇನ್ನೂ ಒತ್ತಡ ಇದೆ. ಗುಜರಿಯವನು ಗೊತ್ತಿಲ್ಲದೆ ಸುತ್ತಿಗೆಯಲ್ಲಿ ಹೊಡೆದರೋ ಕಟರ್ ಇಟ್ಟರೋ ಅವನ ಗತಿ? ರೀಫಿಲ್ ಮಾಡೋ ಅಂಗಡಿಗೇ ಕೊಟ್ಟರೆ ಒತ್ತಡ ಇಳಿಸಿ ಆಮೇಲೆ ವಿಲೇವಾರಿ ಮಾಡ್ತಾರೆ. ಹೊಸದನ್ನ ಐಎಸ್‌ಐ ಗುರುತು ನೋಡಿ ತಂದೆವು. ಕ್ಯಾಶ್ ಕೌಂಟರ್ ಪಕ್ಕ, ಬಾಗಿಲಿಗೆ ಹೋಗೋ ದಾರಿಯಲ್ಲಿ ನೇತುಹಾಕಿದೆವು. ಎಲ್ಲಿ ನಿಂತರೂ ಸಿಲಿಂಡರ್ 15 ಮೀಟರಿಗಿಂತ ದೂರ ಇರಬಾರದು ಅಂತ ಐಎಸ್ 2190 ಅನ್ನೋ ನಮ್ಮ ದೇಶದ ಮಾನಕ ಹೇಳುತ್ತೆ. "ಅಂಗಡಿ ಅಂದ ಹಾಳು ಮಾಡ್ದೆ" ಅಂತ ಅಪ್ಪ ಎರಡು ದಿನ ಗೊಣಗಿದರು. ಮೂರನೇ ದಿನ ಪಕ್ಕದ ಅಂಗಡಿಯವರಿಗೆ ಪಿನ್ ಎಳೆಯೋದು ಹೇಗೆ ಅಂತ ತೋರಿಸ್ತಿದ್ದರಂತೆ.

ಮನೆಗಳಲ್ಲಿ ಕಥೆ ಬೇರೆ. ಮೂವರ ಮನೆಯಲ್ಲೂ ಸಿಲಿಂಡರ್ ಅಂದರೆ ಗ್ಯಾಸ್ ಸಿಲಿಂಡರ್ ಒಂದೇ. ಮನೆಗೆ ಒಂದೆರಡು ಕೆಜಿಯದು ಸಾಕು, ಆದರೆ ಒಲೆ ಪಕ್ಕ ಇಡಬಾರದು. ಬೆಂಕಿ ದಾಟಿ ಹೋಗಿ ತೆಗೆಯೋಕಾಗಲ್ಲ. ಅಡುಗೆಮನೆ ಬಾಗಿಲ ಹೊರಗೆ ಇಡಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಸಿಲಿಂಡರಿಗಿಂತ ಮೊದಲು ನೆನಪಾಗಬೇಕಾದ್ದು ಒಂದು ದೊಡ್ಡ ತಟ್ಟೆ: ಒಲೆ ಆರಿಸಿ, ತಟ್ಟೆ ಮುಚ್ಚಿ, ಪೂರ್ತಿ ತಣ್ಣಗಾಗೋವರೆಗೂ ತೆಗೀಬಾರದು. ನೀರು ಹಾಕಲೇಬಾರದು. ಎಣ್ಣೆಯ ಕೆಳಗಿಳಿದ ನೀರು ಒಂದೇ ಏಟಿಗೆ ಆವಿಯಾಗಿ ಸಾವಿರದಾರುನೂರು ಪಟ್ಟು ಹಿಗ್ಗಿ ಉರಿಯೋ ಎಣ್ಣೆಯನ್ನ ಮುಖಕ್ಕೇ ಎರಚುತ್ತೆ. ಹಾಗೇ ಗ್ಯಾಸಿನ ಕಿತ್ತಳೆ ಬಣ್ಣದ ಪೈಪಿನ ಮೇಲೆ ಅಚ್ಚಾಗಿರೋ ಇಸವಿಯನ್ನೂ ಒಮ್ಮೆ ಓದಿ. 5 ವರ್ಷಕ್ಕೊಮ್ಮೆ ಅದನ್ನ ಬದಲಿಸಬೇಕು. ನಮ್ಮಲ್ಲೊಬ್ಬಳ ಮನೆಯಲ್ಲಿ ಅವಳು ಹೈಸ್ಕೂಲ್ ಸೇರಿದಾಗ ಹಾಕಿಸಿದ್ದೇ ಇತ್ತು.

ಇಷ್ಟೆಲ್ಲ ಆದರೂ ಒಂದು ಕೆಲಸ ಬಾಕಿ ಇತ್ತು. ರಜೆ ಮುಗಿಸಿ ಬಂದ ಮೇಲೆ ಎಲೆಕ್ಟ್ರಿಷಿಯನ್ ಅಣ್ಣನ ಹತ್ತಿರ ಹೋದೆವು. ಅಂಗೈಯಲ್ಲಿ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹದಿನಾಲ್ಕನೇ ಸಿಲಿಂಡರಿಗೆ ಸುಳ್ಳು ಟಿಕ್ ಹಾಕಿದವರು ನಾವೇ ಅಂತ ಹೇಳಿದೆವು. ಮೇಡಂಗೆ ಹೇಳಿದ್ದಕ್ಕಿಂತ ಇದು ಹತ್ತು ಪಟ್ಟು ಕಷ್ಟವಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅದರ ಪಕ್ಕದಲ್ಲೇ ನನ್ ಡಿಬಿ ಇರೋದು. ಹನ್ನೊಂದು ವರ್ಷದಿಂದ ದಿನಾ ಅದನ್ನ ತೆಗೀತೀನಿ, ಮುಚ್ತೀನಿ. ಕಣ್ಣೆದುರಿಗೇ ಇತ್ತು. ನಾನಾದ್ರೂ ಒಂದ್ಸಲ ನೋಡಿದ್ನಾ?" ಅಂದರು. ಆಮೇಲೆ, "ಆದ್ರೆ ನೀವು ಬರೆದುಕೊಟ್ಟಿದ್ರಿ. ಬರೆಯೋಕೆ ಮುಂಚೆ ನೋಡ್ಬೇಕಿತ್ತು" ಅಂದರು.

ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈಗ ಪ್ರತಿ ತಿಂಗಳ ಮೊದಲ ಶನಿವಾರ ಕ್ಲಾಸ್ ಮುಗಿದ ಮೇಲೆ 38ನ್ನೂ ನೋಡ್ತೀವಿ. ಒಂದಕ್ಕೆ ಎರಡು ನಿಮಿಷ, ಒಟ್ಟು ಒಂದೂವರೆ ಗಂಟೆ. ಮೇಡಂ ಒಪ್ಪಿದ ಮೇಲೆ ಶೀಟಿನಲ್ಲಿ ಎರಡು ಬದಲಾವಣೆ ಮಾಡಿದ್ದೀವಿ. 'ಓಕೆ' ಅನ್ನೋ ಕಾಲಂ ತೆಗೆದು, ಮುಳ್ಳು ಎಲ್ಲಿದೆ ಅಂತ ಬರೆಯೋ ಹಾಗೆ ಮಾಡಿದ್ದೀವಿ. ಕೊನೆಯಲ್ಲಿ ಹೊಸದಾಗಿ ಒಂದು ಕಾಲಂ ಸೇರಿಸಿದ್ದೀವಿ: 'ನೋಡಲಾಗಲಿಲ್ಲ'. ಬಾಗಿಲಿಗೆ ಬೀಗ ಇತ್ತು, ಬೀರು ಅಡ್ಡ ಇತ್ತು, ನಮಗೇ ಟೈಮ್ ಸಾಕಾಗಲಿಲ್ಲ, ಯಾವುದಾದರೂ ಆಗಬಹುದು. ಆಗಸ್ಟಿನ ಶೀಟಿನಲ್ಲಿ ಆ ಕಾಲಂ ಇದ್ದಿದ್ದರೆ ನಿಜ ಬರೀತಿದ್ದೆವಾ ಅಂತ ಮೂವರೂ ಮಾತಾಡಿಕೊಂಡಿದ್ದೀವಿ. ಬರೀತಿದ್ದೆವು ಅಂತ ಧೈರ್ಯವಾಗಿ ಹೇಳೋಕೆ ಆಗಲ್ಲ. ಹೋದ ತಿಂಗಳ ಶೀಟಿನಲ್ಲಿ ಮೂರು ಸಾಲು 'ನೋಡಲಾಗಲಿಲ್ಲ' ಅಂತಿವೆ. ಸೋಮವಾರ ಕೀ ತರಿಸಿಕೊಂಡು ಆ ಮೂರನ್ನೂ ನೋಡಿದೆವು.

ಮುಂದಿನ ವರ್ಷ ನಾವು ಥರ್ಡ್ ಇಯರ್, ಇಂಟರ್ನ್‌ಶಿಪ್ಪು, ಮಿನಿ ಪ್ರಾಜೆಕ್ಟು ಅಂತ ಓಡಾಟ ಇರುತ್ತೆ. ಈ ಶೀಟನ್ನ ಮುಂದಕ್ಕೆ ತಗೊಂಡು ಹೋಗೋಕೆ ಫಸ್ಟ್ ಇಯರಿನವರು ಬೇಕು. ಸರ್ಟಿಫಿಕೇಟ್ ಸಿಗಲ್ಲ, ಆಕ್ಟಿವಿಟಿ ಪಾಯಿಂಟ್ ಬಗ್ಗೆ ಮೇಡಂ ಹತ್ತಿರ ಮಾತಾಡ್ತೀವಿ. ಬರೋ ತಿಂಗಳ ಮೊದಲ ಶನಿವಾರ ಸಂಜೆ ನಾಲ್ಕಕ್ಕೆ ಗ್ರೌಂಡ್ ಫ್ಲೋರಿನಲ್ಲಿ, ಒಂದನೇ ನಂಬರ್ ಸಿಲಿಂಡರ್ ಹತ್ತಿರ ಇರ್ತೀವಿ. ಅದು ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ, ದಯವಿಟ್ಟು ಒಮ್ಮೆ ಹುಡುಕಿ.